ಬೆನ್ನ ಹಿಂದಿನ ಕೈಗಳು

ರಾಜಾತಿ ಟೀಚರು ತರಗತಿಗೆ ಕಾಲಿಟ್ಟ ಕೂಡಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಗಂಟೆ ಹೊಡೆಯುವ ತನಕ, ಮೂಗಿನ ಮೇಲೆ ನೊಣ ಕೂತರೂ, ಬಿಚ್ಚುತ್ತಿರಲಿಲ್ಲ. ಸೇಲಂನ ನೇಕಾರರ ಬೀದಿಯಲ್ಲಿ ಹುಟ್ಟಿ ಮಗ್ಗದ ಮುಂದೆಯೇ ಬೆಳೆದ ಹೆಂಗಸು. ಎಳೆ ತುಂಡಾದದ್ದು ಕಂಡರೆ ಬೆರಳು ತಾನಾಗಿ ಹೋಗಿ ಗಂಟು ಹಾಕುವ ಅಭ್ಯಾಸ. ಆ ಬೆರಳುಗಳೆಲ್ಲಿ ಮಕ್ಕಳ ಕೆಲಸಕ್ಕೆ ನುಗ್ಗಿಬಿಟ್ಟಾವೋ ಎಂಬ ಭಯಕ್ಕೇ ಈ ಬಂಧನ.

ತೊಂಬತ್ತರ ದಶಕದ ನಡುವಿನ ಮಾತಿದು. ಆರರಿಂದ ಎಂಟನೆಯ ತರಗತಿಯವರೆಗೆ ಒಂದೇ ಕಂಪ್ಯೂಟರು, ಅದರ ಮುಂದೆ ಯಾರನ್ನೂ ಒಂಟಿಯಾಗಿ ಕೂರಿಸಲು ಟೀಚರು ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಒಬ್ಬರು ಹೇಳಬೇಕು, ಒಬ್ಬರು ಒತ್ತಬೇಕು, ಒಬ್ಬರು ಸುಮ್ಮನೆ ನೋಡಬೇಕು. ಒತ್ತಿದ ಆಜ್ಞೆಯಂತೆ ತೆರೆಯ ಮೇಲೊಂದು ಪುಟ್ಟ ಆಮೆ ಎಡಕ್ಕೋ ಬಲಕ್ಕೋ ತಿರುಗುತ್ತ ಗೆರೆ ಎಳೆಯುತ್ತಿತ್ತು. ಅದನ್ನು ಏರ್ಕಾಡಿನ ಘಾಟಿ ಹತ್ತಿಸಿದರೆ ಭೂಗೋಳ, ತಿರುವಿನ ಕೋನ ಅಳೆದರೆ ಗಣಿತ, ಸೀರೆಯ ಅಂಚು ಬಿಡಿಸಿದರೆ ಚಿತ್ರಕಲೆ. ‘ಇದು ಪಾಠವೋ ಪಂಚಾಯ್ತಿಯೋ’ ಎಂದು ಉಳಿದ ಮೇಷ್ಟರುಗಳು ಮೂಗು ಮುರಿದರು.

ಶಾಲೆಯ ಆಡಳಿತ ನಡೆಸುತ್ತಿದ್ದ ಕರೆಸ್ಪಾಂಡೆಂಟ್ ಅಣ್ಣಾಮಲೈ, ಶಂಕಗಿರಿಯ ಲಾರಿ ಮಾಲೀಕರು, ಕೊನೆಗೆ ಒಂದು ತೀರ್ಮಾನಕ್ಕೆ ಬಂದರು: ತಾವೇ ಬಂದು ಒಮ್ಮೆ ನೋಡುವುದು, ಮನಸ್ಸಿಗೆ ಬಾರದಿದ್ದರೆ ಕಂಪ್ಯೂಟರನ್ನು ಪ್ಲಸ್ ಟೂ ಹುಡುಗರ ಕೋಣೆಗೆ ಸಾಗಿಸುವುದು. ರಾಜಾತಿ ಟೀಚರಿಗೆ ಅಂದಿನಿಂದ ಅನ್ನ ಸೇರಲಿಲ್ಲ.

ತರಗತಿಯ ಹುಡುಗ ಬಾಲಾಜಿಯ ಮನೆಯ ಮಗ್ಗದಲ್ಲಿ ಹಂಸದ ಅಂಚಿನ ಸೀರೆಯೊಂದು ಏರಿತ್ತು. ಮಕ್ಕಳು ಅದನ್ನೇ ನೋಡಿ ಆಮೆಯಿಂದ ಹಂಸ ಬರೆಸಿದರು. ಟೀಚರೂ ಮಗ್ಗದ ಬಳಿ ಹೋಗಿ ನೋಡಿ ಬಂದು ತಲೆಯಾಡಿಸಿದರು. ಅಣ್ಣಾಮಲೈ ಬಂದ ದಿನ, ಬೆಳಿಗ್ಗೆಯಷ್ಟೇ ಮಗ್ಗದಿಂದ ಇಳಿದ ಆ ಸೀರೆಯನ್ನು ಮೇಜಿನ ಮೇಲೆ ಹರಡಿ, ಪಕ್ಕದಲ್ಲೇ ತೆರೆಯ ಮೇಲೆ ಹಂಸ ಮೂಡಿಸಿದರೆ, ಸೀರೆಯ ಹಂಸ ಬಲಕ್ಕೆ ನೋಡುತ್ತಿದೆ, ತೆರೆಯ ಹಂಸ ಎಡಕ್ಕೆ! ಜಗಳವಾಡಿದ ಓರಗಿತ್ತಿಯರ ಹಾಗೆ ಒಂದಕ್ಕೊಂದು ಬೆನ್ನು ತಿರುಗಿಸಿವೆ.

“ಎನ್ನ ಟೀಚರ್, ಉಂಗ ಅನ್ನಂ ರಿವರ್ಸ್‌ಲ ಪೋಗುದೇ!” ಎಂದು ಅಣ್ಣಾಮಲೈ ಹೊಟ್ಟೆ ಕುಣಿಸಿ ನಕ್ಕರು, ಹಂಸ ಹಿಂದಕ್ಕೆ ಹೊರಟಿತೆಂದು.

ಟೀಚರಿಗೆ ಥಟ್ಟನೆ ಹೊಳೆಯಿತು. ತಪ್ಪು ತನ್ನದೂ ಹೌದು. “ನೀವೇ ಸರಿಮಾಡಿ ಮುಗಿಸಿ ಟೀಚರ್,” ಎಂದು ಹೆಡ್‌ಮಾಸ್ಟರು ಪಿಸುಗುಟ್ಟಿದರು. ಗಳಿಗೆಯ ಕೆಲಸ; ಕಂಪ್ಯೂಟರು ಉಳಿಯುತ್ತಿತ್ತು. ಟೀಚರು ಮಾತ್ರ ಕೈಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹೆಣೆದುಕೊಂಡು, ತುಟಿ ಕಚ್ಚಿ, ಗೋಡೆಗೆ ಒರಗಿ ನಿಂತರು.

ನೋಡುವ ಸರದಿ ರೋಜಾಳದು. ಮೇಚೇರಿ ಕಡೆಯ ಕುರಿ ಸಾಕುವವರ ಮಗಳು, ಸೋದರತ್ತೆಯ ಮನೆಯಲ್ಲಿದ್ದು ಓದುವವಳು, ಮಗ್ಗದ ಗಂಧವಿಲ್ಲ. ಸೀರೆಯ ತುದಿ ಮಗುಚಿ ನೋಡಿದಳು, ಹಿಂಬದಿಯ ಹಂಸ ಎಡಕ್ಕೆ ನೋಡುತ್ತಿತ್ತು; ಮತ್ತೆ ತೆರೆ ನೋಡಿದಳು.

“ಮಿಸ್, ಮಗ್ಗದಾಗೆ ಸೀರೆ ಮಕಾಡೆ ಮಲಗಿರ್ತೈತಲ್ಲಾ? ನೀವೆಲ್ಲಾ ಅದ್ರ ಬೆನ್ನು ನೋಡ್ಕಂಡೇ ಬರ್ದಿದೀರಾ.”

ಹೌದಲ್ಲ! ಅಲ್ಲಿ ಸೀರೆಯ ಮುಖ ಕೆಳಕ್ಕಿರುತ್ತದೆ. ಅದನ್ನು ಕಾಣಬೇಕೆಂದರೆ ನೇಕಾರರು ಅಡಿಯಲ್ಲಿ ಕನ್ನಡಿ ಹಿಡಿಯುತ್ತಾರೆ. ನೇಕಾರರ ಮಕ್ಕಳಿಗೆ ಬೆನ್ನೇ ಮುಖವಾಗಿಬಿಟ್ಟಿತ್ತು.

ಹೇಳುವ ಸರದಿಯ ಸುಗನ್ಯಾ ಕೂಗಿದಳು: “ಲೇ ಬಾಲಾಜಿ, ಲೆಫ್ಟ್ ಎಲ್ಲಾ ರೈಟ್ ಆಕ್ಲಾ, ರೈಟ್ ಎಲ್ಲಾ ಲೆಫ್ಟು! ಸೀಕ್ರಂ, ಬೇಗ!”

ಬಾಲಾಜಿ ಒತ್ತಿದ. ಹಂಸ ತಿರುಗಿತು.

ಅಣ್ಣಾಮಲೈಗೆ ನಗು ನಿಂತಿತು. ಜೇಬಿನಿಂದ ಪೆನ್ನು ತೆಗೆದು, ಈ ಮೂವರಲ್ಲಿ ಯಾರು ಜಾಣರು, ಅವರಿಗಿದು ಎಂದರು. ಒಬ್ಬರ ಹೆಸರು ಹೇಳಿದರೆ ಸುಳ್ಳಾಗುತ್ತದೆ ಸಾರ್, ಎಂದರು ಟೀಚರು. ಪೆನ್ನು ಜೇಬಿಗೆ ಮರಳಿತು. ಕಂಪ್ಯೂಟರು ಅಲ್ಲೇ ಉಳಿಯಿತು.

ಗಂಟೆ ಹೊಡೆದ ಮೇಲೆ ಟೀಚರು ಕೈ ಬಿಚ್ಚಿದರು. ಕೈಮೇಲೆ ಉಗುರು ಊರಿದ ಕೆಂಪು ಗುರುತುಗಳನ್ನು ಕಂಡವಳೂ ರೋಜಾಳೇ.

“ನೋಯ್ಲಿಲ್ವಾ ಮಿಸ್?”

“ನೋಯ್ತೈತೆ ಕಣಮ್ಮಾ. ದಿನಾ ನೋಯ್ತೈತೆ.”

ಬಲ್ಲದ್ದನ್ನು ಮಾಡಿ ತೋರಿಸುವ ಜಾಣರಿಗೆ ಊರಲ್ಲಿ ಬರವಿಲ್ಲ, ಅವರಿಗೆ ಹಾರವೂ ಬೀಳುತ್ತದೆ. ಬಲ್ಲದ್ದನ್ನು ಮಾಡದೆ, ಎಳೆಯರಿಗೆ ತಾನಾಗಿ ತೋಚುವ ತನಕ ಒಳಗೊಳಗೇ ಬೇಯುತ್ತ ನಿಲ್ಲುವವರ ಜಾತಿ ಬೇರೆ; ಅವರು ಮಾಡಿದ್ದೇನು ಎಂದು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ, ಕೈಮೇಲಿನ ಆ ಗುರುತುಗಳ ಹೊರತು.