ಪಕ್ಕದ ಸೀಟಿನ ಅಳತೆ

ಮನುಷ್ಯರ ಮುಖ ನನಗೆ ನೆನಪಿರುವುದಿಲ್ಲ, ಅವರು ಕೂರುವ ರೀತಿ ನೆನಪಿರುತ್ತದೆ. ಮೂವತ್ತು ವರ್ಷ ಕಾರಿನ ಸೀಟು ಹೊಲಿದವಳಿಗೆ ಇನ್ನೇನು ನೆನಪಿರಬೇಕು? ಹಳೆಯ ಸೀಟಿನ ಚರ್ಮ ಬಿಚ್ಚಿದರೆ ಸಾಕು, ಅದರಲ್ಲಿ ಕೂತವನು ಪರ್ಸನ್ನು ಯಾವ ಜೇಬಿನಲ್ಲಿಡುತ್ತಾನೆ, ಯಾವ ಮೊಣಕೈ ಊರಿ ಯೋಚನೆ ಮಾಡುತ್ತಾನೆ, ಎಲ್ಲ ಹೇಳಿಬಿಡುತ್ತೇನೆ. ನನ್ನ ಗಂಡನಿಗೆ ಇದೆಲ್ಲ ಬೊಗಳೆ. ಅವನದು ವೈರಿನ ಕೆಲಸ. ಕಾರಿನೊಳಗೆ ಪರದೆ, ಕ್ಯಾಮೆರಾ, ಸ್ಪೀಕರು ಕೂರಿಸುತ್ತಾನೆ. ಇರುವುದು ಒಂದೇ ಶೆಡ್ಡು. ಅರ್ಧದಲ್ಲಿ ನನ್ನ ಹೊಲಿಗೆ ಮಷೀನು, ಇನ್ನರ್ಧದಲ್ಲಿ ಅವನ ವೈರಿನ ಸಿಕ್ಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಸಂಸಾರ. ನಮ್ಮಿಬ್ಬರಲ್ಲಿ ಕೋಣ ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಹಲ್ಲಿನ ಡಾಕ್ಟರು ತಮ್ಮ ಕಾರು ತಂದ ದಿನ ಮಾತ್ರ ಇಬ್ಬರೂ ಒಟ್ಟಿಗೆ ಬಾಯಿ ಮುಚ್ಚಿದೆವು. ಮೂವತ್ತೈದು ವರ್ಷದ ಸ್ಪೋರ್ಟ್ಸ್ ಕಾರು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಕಡು ಹಸಿರು ಬಣ್ಣ. ಹೊರಗೆ ಹುಡುಕಿದರೂ ಒಂದು ಗೀರಿಲ್ಲ. ಒಳಗೆ ನೋಡಿದರೆ ಅಳು ಬರಬೇಕು. ಚಾವಣಿಯ ಬಟ್ಟೆ ಜೋತುಬಿದ್ದು ಡಾಕ್ಟರ ತಲೆಗೆ ಮುಸುಕು ಹಾಕಿತ್ತು. ಮುಂದಿನ ಮರದ ಹಲಗೆ ಬಿಸಿಲಿಗೆ ಸಿಪ್ಪೆ ಎದ್ದಿತ್ತು. ಡ್ರೈವರ್ ಸೀಟಿನ ಚರ್ಮ ಬಿರುಕುಬಿಟ್ಟು, ಅವರು ಇಳಿದಾಗ ಹಿಂಬದಿಯಿಂದ ಫೋಮಿನ ಪುಡಿ ಉದುರಿತು.

ನನಗೆ ವಿಚಿತ್ರ ಅನ್ನಿಸಿದ್ದು ಪಕ್ಕದ ಸೀಟು. ಅದರಲ್ಲಿ ಒಂದು ತಗ್ಗಿಲ್ಲ, ಒಂದು ಸುಕ್ಕಿಲ್ಲ, ಹೊಲಿಗೆ ಒಂದೆಳೆಯೂ ಸಡಿಲಿಲ್ಲ. ಅಂಚಿನಲ್ಲಿ ಮಾತ್ರ ನಾಣ್ಯದಗಲ ಜಾಗದಲ್ಲಿ ಚರ್ಮವನ್ನು ಯಾರೋ ಉಜ್ಜಿ ಉಜ್ಜಿ ತೆಳು ಮಾಡಿದ್ದರು.

"ಇಲ್ಲಿ ಯಾರೂ ಕೂತೇ ಇಲ್ವಲ್ಲ ಡಾಕ್ಟ್ರೇ," ಎಂದೆ.

ಊರವರ ಬಾಯಿ ತೆರೆಸಿಯೇ ಬದುಕಿದ ಮನುಷ್ಯ, ತನ್ನ ಬಾಯಿ ತೆರೆಯಲು ಹತ್ತು ನಿಮಿಷ ತೆಗೆದುಕೊಂಡರು. ಹತ್ತೊಂಬತ್ತು ವರ್ಷದ ಹಿಂದೆ ಈ ಕಾರು ಕೊಂಡು, ಸೀಟೆಲ್ಲ ಹೊಸದು ಹಾಕಿಸಿದ ಮೊದಲ ವಾರ, ಹೆಂಡತಿ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿದರಂತೆ. ಒಂದು ಹನಿ ರಸ ಸೀಟಿನ ಮೇಲೆ ಬಿತ್ತು. ಇವರು ಕಾರು ನಿಲ್ಲಿಸಿ, ಹೆಂಡತಿಯನ್ನು ಇಳಿಸಿ, ಸುಡುಬಿಸಿಲಲ್ಲಿ ರಸ್ತೆ ಬದಿಗೆ ನಿಲ್ಲಿಸಿ, ಇಪ್ಪತ್ತು ನಿಮಿಷ ಸೀಟು ಉಜ್ಜಿದರು. ತಲೆಯೆತ್ತಿ ನೋಡಿದರೆ ಹೆಂಡತಿ ಇಲ್ಲ. ಹಿಂದಿನಿಂದ ಬಂದ ಬಸ್ಸು ಹತ್ತಿ ಹೋಗಿದ್ದರು.

"ಅವತ್ತಿಂದ ಎಲ್ಲಿಗೆ ಹೋದ್ರೂ ಅವಳು ಬಸ್ಸೇ," ಎಂದರು ಡಾಕ್ಟರು. "ನಾನು ಬಸ್ಸಿನ ಹಿಂದೆ ಕಾರಲ್ಲಿ ಹೋಗ್ತೀನಿ."

"ಹಿಂದೇನೇ ಯಾಕೆ? ಮುಂದೆ ಹೋಗ್ಬಾರ್ದಾ?"

"ಅವಳು ಕಿಟಕಿ ಪಕ್ಕ ಕೂತಿರ್ತಾಳೆ. ತಿರುವಲ್ಲಿ ಒಂದೊಂದ್ಸಲ ಕಾಣ್ತಾಳೆ."

ನನ್ನ ಗಂಡ ನಗು ತಡೆಯಲಾರದೆ ಟೈರಿನ ಮರೆಗೆ ಕೂತುಬಿಟ್ಟ. ನನಗೆ ಮೊದಲು ಸಿಟ್ಟು ಬಂತು, ಅದರ ಬೆನ್ನಿಗೇ ಪಾಪ ಅನ್ನಿಸಿತು. ಮುಂದಿನ ತಿಂಗಳು ಮಗಳ ಹೊಸ ಮನೆಗೆ ಹೋಗಬೇಕಂತೆ, ಆರು ಗಂಟೆಯ ದಾರಿ. ಹೆಂಡತಿ ಆಗಲೇ ಬಸ್ಸಿಗೆ ಟಿಕೆಟ್ಟು ತೆಗೆಸಿದ್ದಾರೆ, ಒಂದೇ ಒಂದು. ಅಷ್ಟರೊಳಗೆ ಕಾರಿನ ಒಳಗನ್ನೆಲ್ಲ ಹೊಸದು ಮಾಡಿಕೊಡಬೇಕು. ಹೆಂಡತಿ ಒಂದು ಸಲ ಕೂತರೆ ಸಾಕು. ಕೂರಲಿಲ್ಲವೋ, ಈ ಕಾರನ್ನು ಮಾರಿಬಿಡುತ್ತೇನೆ ಎಂದರು. ಹೇಳುವಾಗ ಅವರ ಕೈ ಬಾಗಿಲನ್ನು ಸವರುತ್ತಿತ್ತು.

ಇಲ್ಲಿ ನನ್ನ ಪೆಟ್ಟಿಗೆಯ ವಿಷಯ ಹೇಳಬೇಕು. ನನ್ನ ಮಾವನವರು ಮಾಡಿದ್ದು, ಕುರ್ಚಿಯಂಥ ಮರದ ಪೆಟ್ಟಿಗೆ. ಅದರೊಳಗೆ ಸಣ್ಣ ಮಣಿ ತುಂಬಿದ ರಬ್ಬರಿನ ಚೀಲ. ಗಿರಾಕಿ ಅದರ ಮೇಲೆ ಕೂತ ಮೇಲೆ ಪಂಪಿನಿಂದ ಗಾಳಿ ಎಳೆದರೆ, ಕೂತವರ ಮೈಯ ಅಚ್ಚಿನಲ್ಲಿ ಚೀಲ ಗಟ್ಟಿಯಾಗುತ್ತದೆ. ಹದಿನೈದು ನಿಮಿಷ ಅಲುಗಾಡಬಾರದು. ಆ ಅಚ್ಚು ನೋಡಿಕೊಂಡು ಫೋಮು ಕತ್ತರಿಸುತ್ತೇನೆ. "ಕೂರಿಸದೆ ಕತ್ತರಿ ಹಿಡೀಬೇಡ" ಎನ್ನುವುದು ಮಾವನವರ ಕಟ್ಟಪ್ಪಣೆ. ಅವರು ಹೋದ ಮೇಲೂ ನಾನು ಮೀರಿರಲಿಲ್ಲ.

"ಅವಳನ್ನ ಕರ್ಕೊಂಡು ಬರಕ್ಕಾಗಲ್ಲಮ್ಮ, ಗುಟ್ಟು ಬಯಲಾಗತ್ತೆ," ಎಂದರು ಡಾಕ್ಟರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸುಮಾರಾಗಿ ನಿಮ್ಮಷ್ಟೇ ಇದಾಳೆ," ಎಂದರು.

ಡಾಕ್ಟರ ಮಾತು, ನಂಬಿದೆ. ಡಾಕ್ಟರನ್ನು ಕೂರಿಸಿ ಅಚ್ಚು ತೆಗೆದ ಮೇಲೆ ನಾನೇ ಪೆಟ್ಟಿಗೆಯಲ್ಲಿ ಕೂತೆ. ಪಂಪು ಒತ್ತಿದ್ದು ನನ್ನ ಗಂಡ. ಹದಿನೈದು ನಿಮಿಷ ನಾನು ಅಲುಗುವ ಹಾಗಿಲ್ಲ ಎಂದು ಗೊತ್ತಾದದ್ದೇ, ಅಷ್ಟೂ ಹೊತ್ತು ಡ್ಯಾಶ್‌ಬೋರ್ಡಿನ ತುಂಬ ಟೀವಿಯಷ್ಟು ಪರದೆ ಯಾಕೆ ಬೇಕು ಎಂದು ನನಗೆ ಭಾಷಣ ಬಿಗಿದ. ಎದ್ದ ಮೇಲೆ ನಾನೂ ನನ್ನ ಪಾಲಿನದು ಹೇಳಿದೆ. ಪಕ್ಕದ ಟೈರಿನ ಅಂಗಡಿಯವನು ಬಂದು ಏನಾಯಿತು ಎಂದು ಕೇಳಿ ಹೋದ.

ಕೊನೆಗೆ ರಾಜಿಯಾಯಿತು. ಮರದ ಹಲಗೆ ಉಜ್ಜಿ ಏಳು ಸಲ ಪಾಲಿಶ್ ಹಚ್ಚಿ ಹಳೆಯ ಹೊಳಪಿಗೆ ತಂದೆ. ಅದರ ಹಿಂದೆ ಅವನು ಪುಟ್ಟ ಪರದೆ ಬಚ್ಚಿಟ್ಟ. ಗುಂಡಿ ಒತ್ತಿದರೆ ಹಲಗೆ ಸರಿದು ಪರದೆ ಇಣುಕುತ್ತದೆ. ಸೀಟಿನೊಳಗೆ ಕಾವು ಕೊಡುವ ತಂತಿ, ಹಿಂದೆ ಕ್ಯಾಮೆರಾ, ಫೋನಿಗೆ ಸ್ಪೀಕರು, ಎಲ್ಲ ಬಂತು, ಒಂದೂ ಕಣ್ಣಿಗೆ ಬೀಳದು. ಚಾವಣಿಗೆ ಹೊಸ ಬಟ್ಟೆ ಎಳೆದು ಅಂಟಿಸಿದೆ. ಜೇನಿನ ಬಣ್ಣದ ಚರ್ಮ ಆರಿಸಿ, ಎರಡೆಳೆ ಹೊಲಿಗೆ ಹಾಕಿ, ಎರಡೂ ಸೀಟು ಮುಗಿಸಿದಾಗ ನನ್ನದೇ ದೃಷ್ಟಿ ತಾಗುತ್ತದೇನೋ ಅನ್ನಿಸಿತು. ನನ್ನ ಗಂಡ ಒಳಗೆ ಕೂತು ಮೂಸಿ ನೋಡಿ, "ಪರವಾಗಿಲ್ಲ ಕಣೇ," ಎಂದ. ಅವನ ಬಾಯಲ್ಲಿ ಅದು ಬಿರುದು ಇದ್ದಂತೆ.

ಹೇಳಿದ ದಿನ ಬೆಳಿಗ್ಗೆ ಡಾಕ್ಟರು ಬೇಗ ಬಂದು ಬಾಗಿಲಲ್ಲಿ ನಿಂತರು. ಅವರು ಏನೋ ನೆಪ ಹೇಳಿ ಕರೆಸಿದ್ದ ಹೆಂಡತಿ ಬಸ್ಸಿನಲ್ಲಿ ಬಂದಿಳಿದರು. ನೋಡಿದೆ. ನನಗಿಂತ ಒಂದು ಗೇಣು ಎತ್ತರ, ಬಿದಿರುಕಡ್ಡಿಯ ಹಾಗೆ ತೆಳು. ನಮ್ಮಿಬ್ಬರಿಗೂ ಸುಮಾರಾಗಿ ಒಂದೇ ಆಗಿದ್ದದ್ದು ಎಂದರೆ ಕನ್ನಡಕ.

ಅಷ್ಟರಲ್ಲಿ ನನ್ನ ಗಂಡ ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಬಚ್ಚಿಟ್ಟು ಶಾಲೆಯ ಹುಡುಗನಂತೆ ನೆಟ್ಟಗೆ ನಿಂತ. "ಮೇಡಂ!"

"ಓ, ನೀನಾ? ಈಗ್ಲಾದ್ರೂ ತಿರುಗೋ ಮುಂಚೆ ಕನ್ನಡಿ ನೋಡ್ತೀಯೋ ಇಲ್ವೋ?"

ಇಪ್ಪತ್ತೆಂಟು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದ ಮೇಡಂ. ನನ್ನ ಗಂಡನನ್ನು ಮೂರು ಸಲ ಪರೀಕ್ಷೆಗೇ ಕಳಿಸದೆ ಕೂರಿಸಿದವರು. ಈ ಸುದ್ದಿಯನ್ನು ಅವನು ಮದುವೆಯಾದಂದಿನಿಂದ ನನ್ನಿಂದ ಮುಚ್ಚಿಟ್ಟಿದ್ದ.

ಡಾಕ್ಟರು ಕಾರಿನ ಬಾಗಿಲು ತೆರೆದರು. ಜೇಬಿನಿಂದ ಒಂದು ಕಿತ್ತಳೆ ತೆಗೆದು ಹೆಂಡತಿಯ ಮುಂದೆ ಹಿಡಿದರು. "ಅವತ್ತು ನಂದೇ ತಪ್ಪು. ಇಲ್ಲೇ ಕೂತು ತಿನ್ನು."

ಮೇಡಂ ಹಣ್ಣು ನೋಡಿದರು, ಗಂಡನ ಮುಖ ನೋಡಿದರು. ಆಮೇಲೆ ಹಣ್ಣು ತೆಗೆದುಕೊಂಡು ಬಗ್ಗಿ ಒಳಗೆ ಕೂತರು. ಕೂತರಲ್ಲ, ಗೆದ್ದೆವು ಎಂದುಕೊಂಡೆ.

ಮೇಡಂ ಒಮ್ಮೆ ಮಿಸುಕಿದರು. ಇನ್ನೊಮ್ಮೆ ಮಿಸುಕಿದರು. ಹುಬ್ಬು ಗಂಟಿಕ್ಕಿತು.

"ಇದು ಯಾರ ಸೀಟು?"

"ನಿಂದೇ," ಎಂದರು ಡಾಕ್ಟರು.

"ನಂದಲ್ಲ. ದಿನಕ್ಕೆ ಹತ್ತು ಜನಕ್ಕೆ ಸೀಟು ಹೊಂದಿಸಿ ಕೊಟ್ಟೋಳು ನಾನು, ನನಗೇ ಹೇಳ್ತೀರಾ? ಇದು ಒಬ್ಬಳು ಹೆಂಗಸಿನ ಅಳತೆ. ಕುಳ್ಳಿ. ಮೈ ಬಂದಿರೋಳು. ಭಾರ ಎಲ್ಲ ಎಡ ಸೊಂಟದ ಮೇಲೆ ಹಾಕಿ ಕೂರ್ತಾಳೆ. ಯಾರ್ರೀ ಅವಳು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ತಾನಾಗಿ ಎಡ ಸೊಂಟಕ್ಕೆ ಹೋಯಿತು. ಡಾಕ್ಟರ ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಗಂಡನಂತೂ ಇದಕ್ಕಿಂತ ಒಳ್ಳೆಯ ದಿನ ತನ್ನ ಜೀವನದಲ್ಲಿ ಬಂದೇ ಇಲ್ಲ ಎಂಬಂತೆ ನನ್ನನ್ನೇ ನೋಡುತ್ತಿದ್ದ.

"ನಾನೇ ಮೇಡಂ," ಎಂದೆ. "ಕುಳ್ಳಿ ಅಂದ್ರಲ್ಲ, ಅದು ನಾನೇ." ಡಾಕ್ಟರು ಸುಮಾರಾಗಿ ನಿಮ್ಮಷ್ಟೇ ಅಂದದ್ದು, ಮಾವನವರ ಮಾತು ಮೀರಿದ್ದು, ಪೆಟ್ಟಿಗೆಯಲ್ಲಿ ಕೂತದ್ದು, ಎಲ್ಲ ಹೇಳಿದೆ.

ಮೇಡಂ ಕಾರಿನಿಂದ ಇಳಿದೇಬಿಟ್ಟರು. ಕಿತ್ತಳೆಯನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು. "ಸುಮಾರಾಗಿ ಇವರಷ್ಟೇ ಅಂದ್ರಾ? ಮೂವತ್ತಾರು ವರ್ಷ ಸಂಸಾರ ಮಾಡಿ ಸುಮಾರಾಗಿ? ಈ ಕಾರಿನ ಗಾಲಿ ಅಳತೆ ಕೇಳಿ, ನಿದ್ದೇಲೂ ಹೇಳ್ತಾರೆ."

ಡಾಕ್ಟರು ತಲೆ ತಗ್ಗಿಸಿದರು. "ಹೌದು, ಹೇಳ್ತೀನಿ," ಎಂದರು. ಸುಳ್ಳು ಹೇಳಲು ಅವರಿಗೆ ಆಗಲೂ ಹೊಳೆಯಲಿಲ್ಲ.

ಮೇಡಂ ಬಸ್‌ಸ್ಟಾಪಿನ ಕಡೆ ನಾಲ್ಕು ಹೆಜ್ಜೆ ಇಟ್ಟರು. ನಾಲ್ಕನೆಯದಕ್ಕೆ ನಿಂತು, ತಿರುಗಿ, "ಆ ಪೆಟ್ಟಿಗೆ ಎಲ್ಲಿದೆ?" ಎಂದರು.

ಕೂರಿಸಿದೆ. ಪಂಪು ಒತ್ತಿದೆ. ಅಲುಗಾಡಬೇಡಿ ಎಂದೆ. ಮಾತಾಡಬೇಡಿ ಎಂದು ಹೇಳಲಿಲ್ಲ, ಹೇಳಿದ್ದರೂ ಕೇಳುತ್ತಿರಲಿಲ್ಲ. ಡಾಕ್ಟರು ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದರು. ಬಸ್ಸಿನ ಕಿಟಕಿಯಿಂದ ನೋಡುವಾಗ ಹಿಂದೆ ಬರುವ ಹಸಿರು ಕಾರು ಎಲ್ಲಾದರೂ ಹಿಂದುಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು ಎಂದು ಮೇಡಂ ಹೇಳಿದಾಗ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಹದಿನೈದು ನಿಮಿಷ ಮುಗಿಯಿತು. "ಒಂದು ವಾರದಲ್ಲಿ ಪಕ್ಕದ ಸೀಟು ಬಿಚ್ಚಿ ಸರಿ ಮಾಡಿಕೊಡ್ತೀನಿ ಮೇಡಂ," ಎಂದೆ.

"ಪಕ್ಕದ್ದು ಅಂತ ಯಾರು ಹೇಳಿದ್ರು?" ಎಂದರು ಅವರು. "ಎರಡು ಸಾವಿರ ಜನಕ್ಕೆ ಸ್ಟಿಯರಿಂಗ್ ಹಿಡಿಯೋದು ಕಲಿಸಿದೀನಿ. ಮನೇಲಿರೋ ಕಾರಿನ ಕೀ ಒಂದು ದಿನ ನನ್ನ ಕೈಗೆ ಬಂದಿಲ್ಲ."

ಡಾಕ್ಟರು ಕಾರನ್ನು ನೋಡಿದರು. ಹಲ್ಲು ಕೀಳಿಸಿಕೊಳ್ಳಲು ಕೂತವರಿಗೆ ಹೇಗಾಗುತ್ತದೆ ಎಂದು ಆವತ್ತು ಅವರಿಗೆ ತಿಳಿದಿರಬೇಕು. ಜೇಬಿಗೆ ಕೈ ಹಾಕಿ ಕೀ ತೆಗೆದರು, ಹೆಂಡತಿಯ ಅಂಗೈಯಲ್ಲಿಟ್ಟರು.

ಡ್ರೈವರ್ ಸೀಟನ್ನು ಬಿಚ್ಚಿ ಮೇಡಂ ಅಳತೆಗೆ ಹೊಸದಾಗಿ ಕಟ್ಟಿದೆ. ಪಕ್ಕದ್ದನ್ನು ಡಾಕ್ಟರ ಅಳತೆಗೆ ಮಾಡಿಕೊಡುತ್ತೇನೆ ಎಂದರೆ ಮೇಡಂ ಬಿಡಲಿಲ್ಲ. "ಅದು ಹಾಗೇ ಇರ್ಲಿ. ಸುಮಾರಾಗಿ ಸರಿಹೋಗತ್ತೆ," ಎಂದರು.

ಹೊರಡುವ ದಿನ ನಮ್ಮ ಶೆಡ್ಡಿನ ಮುಂದೆಯೇ ಬಂದು ನಿಂತರು. ಡಾಕ್ಟರು ನನ್ನ ಅಳತೆಯ ಸೀಟಿನಲ್ಲಿ ಎಡಕ್ಕೆ ವಾಲಿಕೊಂಡು, ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದರು. ಬಸ್ಸು ಹಾದುಹೋಯಿತು. "ಅದರ ಹಿಂದೇನೇ ಹೋಗೋಣ್ವಾ? ನಿಮಗೆ ದಾರಿ ಗೊತ್ತಿರೋದೇ ಹಾಗೆ," ಎಂದರು ಮೇಡಂ. ಮಡಿಲಿನಲ್ಲಿದ್ದ ಕಿತ್ತಳೆಯನ್ನು ಗಂಡನ ಕೈಗೆ ಹಾಕಿದರು. "ಸುಲೀರಿ. ಒಂದು ಹನಿ ಬಿದ್ರೆ ಇಳಿಸ್ತೀನಿ."

ಡಾಕ್ಟರು ಹಲ್ಲು ಕೀಳುವಷ್ಟೇ ಎಚ್ಚರಿಕೆಯಿಂದ ಸುಲಿದರು. ಆದರೂ ಬಿತ್ತು, ಒಂದು ಹನಿ, ನನ್ನ ಜೇನಿನ ಬಣ್ಣದ ಚರ್ಮದ ಮೇಲೆ. ನನಗೆ ಜೀವ ಹೋದಂತಾಯಿತು. ಒರೆಸುವ ಬಟ್ಟೆ ಕಸಿದುಕೊಂಡು ಓಡಿದೆ. ಮೇಡಂ ಹನಿಯನ್ನೂ ಗಂಡನನ್ನೂ ನೋಡಿ ಕಾಯುತ್ತಿದ್ದರು. ಡಾಕ್ಟರು ಕೆಳಗೆ ನೋಡಲೇ ಇಲ್ಲ. ಒಂದು ತೊಳೆ ಬಿಡಿಸಿ, ಬೀಜ ತೆಗೆದು, ಹೆಂಡತಿಯ ಬಾಯಿಗಿಟ್ಟರು.

ಕಾರು ಹೊರಟಿತು. ಬಟ್ಟೆ ಹಿಡಿದುಕೊಂಡು ರಸ್ತೆಯಲ್ಲಿ ನಿಂತವಳು ನಾನೊಬ್ಬಳೇ.