ಗುಡ್ಡದ ಯಂತ್ರ ನನ್ನ ಮಾತು ಕೇಳಿದ್ದು

ಸತ್ತು ಹತ್ತು ವರ್ಷವಾದ ಮೋಡೆಮ್ಮೂ ನನ್ನ ದನಿ ಕೇಳಿದರೆ ಎದ್ದು ಕೂತು ಮಾತಾಡುತ್ತದೆ. ನಂಬದಿದ್ದರೆ ನಮ್ಮಕ್ಕನನ್ನು ಕೇಳಿ.

ಅಕ್ಕ ನೀರು ಸರಬರಾಜು ಕಚೇರಿಯಲ್ಲಿ ಎಂಜಿನಿಯರ್. ಗುಡ್ಡದ ಮೇಲಿನ ಟ್ಯಾಂಕಿನ ವಾಲ್ವ್ ತೆರೆಯುವ ಮುದಿ ಯಂತ್ರಕ್ಕೆ, ಕಂಪ್ಯೂಟರಿನ ಸಂದೇಶವನ್ನು ಸದ್ದಾಗಿಸಿ ಫೋನಿನಲ್ಲಿ ಕಳಿಸುವ ಮೋಡೆಮ್ಮಿನ ಕಿರುಚಾಟ ಬಿಟ್ಟರೆ ಬೇರೆ ಭಾಷೆ ಬಾರದು. ಕಚೇರಿಯ ಮೋಡೆಮ್ ಸುಟ್ಟುಹೋಗಿತ್ತು, ಫೋನ್ ಲೈನು ಡಿಜಿಟಲ್ ಆಗಿತ್ತು. ಸಂಜೆಯೊಳಗೆ ವಾಲ್ವ್ ತೆರೆಯದಿದ್ದರೆ ಊರಿಗೆ ನೀರಿಲ್ಲ.

ಕಣ್ಣು ಮಿಟುಕಿಸುವುದರೊಳಗೆ ನಾನು ಲ್ಯಾಪ್‌ಟಾಪಿನಲ್ಲೇ ಮೋಡೆಮ್ಮಿನಂತೆ ಕಿರುಚುವ ಒಂದು ಪ್ರೋಗ್ರಾಂ ಬರೆದೆ. ಅದು ಕಿರುಚಿದ ರಭಸಕ್ಕೆ ಕಿಟಕಿಗಳೆಲ್ಲ ನಡುಗಿದವು. ಆ ಕಡೆಯ ಯಂತ್ರ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಸಾವಿರ ಸಲ ಪ್ರಯತ್ನಿಸಿ, ಕೊನೆಗೆ ನಾನೇ ರಿಸೀವರ್ ಹಿಡಿದು ಗಂಟಲು ಹರಿಯುವಂತೆ ಕಿರುಚಿದೆ. ವಾಲ್ವ್ ತೆರೆಯಿತು!

"ಸಾಕು ನಿಲ್ಸೋ," ಎಂದಳು ಬೆನ್ನ ಹಿಂದೆ ನಿಂತು ನಾನು ಬರೆಯುತ್ತಿದ್ದ ಇದನ್ನು ಓದುತ್ತಿದ್ದ ಅಕ್ಕ. "ನಿನ್ನ ಮೋಡೆಮ್ ಕಿರುಚೋದನ್ನ ಫೋನು ಬರೀ ಗಲಾಟೆ ಅಂದ್ಕೊಂಡು ಅಳಿಸಿ ಹಾಕ್ತಿತ್ತು. ಗದ್ದಲ ತಗ್ಗಿಸೋ ಆ ಸೆಟ್ಟಿಂಗ್ ಆಫ್ ಮಾಡಿದ್ಮೇಲೇ ವಾಲ್ವ್ ತೆರೆದಿದ್ದು. ಆಫ್ ಮಾಡಿದ್ದು ಯಾರು?"

"ನೀನೇ ಕಣಕ್ಕ."

"ಆನ್ ಮಾಡಿಟ್ಟಿದ್ದು?"

ನಾನೇ. ಅವತ್ತು ಬೆಳಿಗ್ಗೆ ಅದೇ ಫೋನಿನಿಂದ ಗೆಳೆಯನಿಗೆ ಫೋನ್ ಮಾಡಿ ಬಡಾಯಿ ಕೊಚ್ಚುವಾಗ, ಅವನಿಗೆ ನನ್ನ ಒಂದು ಮಾತೂ ತಪ್ಪಿಹೋಗದಿರಲಿ ಎಂದು.