ಎರಡು ಜೊತೆ ಕಣ್ಣು

ಭಾನುವಾರದ ನಡಿಗೆಯ ಗುಂಪಿಗೆ ಒಂದೇ ಒಂದು ನಿಯಮ. ಹಕ್ಕಿಯಾಗಲಿ, ಹುಳುವಾಗಲಿ, ಅಣಬೆಯಾಗಲಿ, ಇಬ್ಬರು ಕಣ್ಣಾರೆ ನೋಡದ ಹೊರತು ಪಟ್ಟಿಗೆ ಸೇರುವಂತಿಲ್ಲ. ನಿಯಮ ಮಾಡಿದವರು ಔಷಧಿ ಅಂಗಡಿಯವರು. ಚೀಟಿ ಇಲ್ಲದೆ ಸ್ವಂತ ಹೆಂಡತಿಗೂ ಮಾತ್ರೆ ಕೊಡದ ಮನುಷ್ಯ. ಇನ್ನು ಯಾರದೋ ಬಾಯಿಮಾತಿಗೆ ಹಕ್ಕಿ ಬರೆದುಕೊಳ್ಳುತ್ತಾರೆಯೇ? ಕಾಗೆಗೂ ಸಾಕ್ಷಿ ಬೇಕು ಅವರಿಗೆ.

ಹಾಗಾಗಿ ಎಲ್ಲರೂ ಜೋಡಿಯಾಗಿ ಬೀದಿ ಹಂಚಿಕೊಂಡು ನಡೆಯುತ್ತಿದ್ದರು. ನಮ್ಮ ದುರ್ಬೀನಿನ ಜೋಡಿ ಅವಳ ಅತ್ತಿಗೆ. ದುರ್ಬೀನು ಅನ್ನುವುದು ನಾದಿನಿಗೆ ಅತ್ತಿಗೆಯೇ ಇಟ್ಟ ಅಡ್ಡಹೆಸರು. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಅವಳದು, ದಿನವಿಡೀ ಕಂಡವರ ತಪ್ಪು ಹೆಕ್ಕುವುದೇ ಉದ್ಯೋಗ. ಅತ್ತಿಗೆ ಹೊಲಿಗೆ ಅಂಗಡಿ ನಡೆಸುತ್ತಿದ್ದವರು. ಅಣ್ಣ ತೀರಿಕೊಂಡದ್ದೇ ಅಂಗಡಿ ಮುಚ್ಚಿದರು. ಜಪ್ಪಯ್ಯ ಅಂದರೂ ಹೊಸ್ತಿಲು ದಾಟಲೊಲ್ಲರು. ಈ ನಡಿಗೆಗೆ ಮಾತ್ರ ಅದು ಹೇಗೋ ಒಪ್ಪಿದ್ದರು. ವಾರಕ್ಕೊಮ್ಮೆಯಾದರೂ ಅತ್ತಿಗೆ ಮೊದಲಿನ ಹಾಗೆ ನಗಬೇಕು, ದುರ್ಬೀನಿಗೆ ಬೇಕಿದ್ದದ್ದು ಅಷ್ಟೇ. ಹುಳುಹುಪ್ಪಟೆಯೆಲ್ಲ ಆಮೇಲಿನ ಮಾತು.

ನಗುವಿಗೇನೂ ಬರ ಇರಲಿಲ್ಲ ಬಿಡಿ.

“ಗಂಡ ಎದುರಿಗೇ ನಿಂತಿದ್ರೂ ಕಾಣಲ್ಲ, ಎಲೆ ಕೆಳಗಿನ ಹುಳ ಮಾತ್ರ ಕಾಣುತ್ತೆ ನೋಡು ನಿಂಗೆ!”

“ಹುಳ ಚೆನ್ನಾಗಿದೆ ಅತ್ತಿಗೆ, ಅದಕ್ಕೇ.”

ಮಂಡಿನೋವು ಅಂತ ಅತ್ತಿಗೆ ಅರ್ಧ ಹೆಜ್ಜೆ ಹಿಂದೆ, ಇವಳು ಕಾಲಿಟ್ಟಲ್ಲೇ ಕಾಲಿಡುತ್ತ ಬರುವರು. ತೋರಿಸಿದ್ದಕ್ಕೆಲ್ಲ “ಹೂಂ ಕಣೇ, ನೋಡಿದೆ” ಅನ್ನುವರು. ತಂತಿಯ ಮೇಲಿನ ಮಿಂಚುಳ್ಳಿ, ಬೇಲಿಯ ಓತಿಕ್ಯಾತ, ಕೊಳೆತ ಬೊಡ್ಡೆಗೆ ಕಿವಿಯ ಹಾಗೆ ಅಂಟಿಕೊಂಡಿದ್ದ ಕಂದು ಅಣಬೆ, ಎಲ್ಲವೂ ಸಲೀಸಾಗಿ ಪಟ್ಟಿ ಸೇರಿದವು.

ಆ ಭಾನುವಾರ ಮೈದಾನದ ಗೋಡೆಯ ಬುಡದಲ್ಲಿ, ಒದ್ದೆ ಹುಲ್ಲಿನ ನಡುವೆ ಬೆಳ್ಳಗೆ, ಗುಂಡಗೆ ಏನೋ ಇಣುಕುತ್ತಿತ್ತು.

“ಅತ್ತಿಗೆ, ಅಲ್ನೋಡಿ, ಅಣಬೆ! ಇನ್ನೂ ಕೊಡೆ ಬಿಚ್ಚಿಲ್ಲ.”

“ಅಯ್ಯೋ, ಹೌದಲ್ವೇ! ಎಷ್ಟು ಮುದ್ದಾಗಿದೆ. ಕಾಂಡ ನೋಡು, ಎಷ್ಟು ಸಪೂರ!”

ದುರ್ಬೀನು ಬಗ್ಗಿ ಹುಲ್ಲು ಸರಿಸಿದಳು. ಟೇಬಲ್ ಟೆನಿಸ್ ಚೆಂಡು! ಕಾಂಡವೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ನಗು ತಡೆಯಲಾರದೆ ಚೆಂಡನ್ನು ಎತ್ತಿ ಹಿಡಿದಳು.

“ಕಿತ್ತೇಬಿಟ್ಯಾ? ಪಾಪ ಕಣೇ, ಬೆಳೀಲಿ ಅಂತ ಬಿಡಬಾರ್ದಿತ್ತಾ?” ಎಂದರು ಅತ್ತಿಗೆ.

ದುರ್ಬೀನು ಎತ್ತಿದ ಕೈ ಇಳಿಸಿದಳು. ಊರವರ ತಪ್ಪನ್ನೆಲ್ಲ ಹಿಡಿಯುವ ಈ ಮಹಾತಾಯಿಗೆ ತನ್ನ ಮಗ್ಗುಲಲ್ಲೇ ಇದ್ದದ್ದು ಕಂಡಿರಲಿಲ್ಲ.

“ಅತ್ತಿಗೆ, ಇದು ಚೆಂಡು.”

ಅತ್ತಿಗೆಯ ಮುಖ ಸಣ್ಣದಾಯಿತು.

“ಯಾವಾಗಿಂದ ಕಾಣ್ತಿಲ್ಲ?”

“ಅಂಗಡಿ ಇದ್ದಾಗಿಂದ್ಲೇ. ಸೂಜಿಗೆ ದಾರ ನಿಮ್ಮಣ್ಣ ಪೋಣಿಸಿ ಕೊಡ್ತಿದ್ರು. ಅವರು ಹೋದ್ಮೇಲೆ ಯಾರನ್ನ ಕೇಳ್ಲಿ?” ಅತ್ತಿಗೆ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. “ಹೇಳಿದ್ರೆ ನೀವೆಲ್ಲ ಸೇರಿ ನನ್ನನ್ನ ಮನೇಲೇ ಕೂರಿಸ್ತೀರಿ. ಈ ಭಾನುವಾರ ಒಂದು ಬಿಟ್ರೆ ನಂಗಿನ್ನೇನಿದೆ?”

“ಅದಕ್ಕೆ ಸುಳ್ಳು ಹೇಳೋದಾ?”

“ನೀನು ಇದೆ ಅಂದ್ಮೇಲೆ ಅಲ್ಲಿ ಇದ್ದೇ ಇರುತ್ತೆ ಅಂದ್ಕೊಂಡೆ. ಅದ್ರಲ್ಲಿ ಸುಳ್ಳೇನು ಬಂತು?”

ದುರ್ಬೀನಿಗೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದು ಮೊದಲು ಅನ್ನುವಷ್ಟರಲ್ಲಿ ಔಷಧಿ ಅಂಗಡಿಯವರು ತಿರುವಿನಿಂದ ಬಂದೇಬಿಟ್ಟರು.

“ಅಣಬೆ ಅಂತ ಕೂಗಿದ್ದು ಕೇಳ್ತು. ಇಬ್ಬರೂ ನೋಡಿದ್ರಾ?”

“ಅಣಬೆ ಅಲ್ಲ, ಚೆಂಡು,” ಎಂದಳು ದುರ್ಬೀನು. “ಮತ್ತೆ... ನಮ್ಮ ಬೀದಿಯದ್ದು ಇಲ್ಲಿವರೆಗೂ ಬರೆಸಿದ್ದೆಲ್ಲ ತೆಗೆದುಬಿಡಿ. ತಪ್ಪು ನಂದು.”

ಅವರು ಕನ್ನಡಕದ ಮೇಲಿಂದ ನೋಡಿದರು. “ಎಲ್ಲಾನಾ? ಏನು ತಪ್ಪು?”

ಅತ್ತಿಗೆ ಮುಂದೆ ಬಂದರು.

“ಅವಳದ್ದೇನೂ ತಪ್ಪಿಲ್ಲ. ನಂಗೆ ಕಣ್ಣು ಮಂಜು. ಅವಳು ನೋಡಿದ್ದಕ್ಕೆ ನಾನು ಹೂಂ ಅಂದಿದೀನಿ.”

ಔಷಧಿ ಅಂಗಡಿಯವರು ಪಟ್ಟಿ ಮಡಚಿ ಜೇಬಿಗಿಟ್ಟರು. “ಆಯ್ತಮ್ಮ, ತೆಗೀತೀನಿ. ಮೊದ್ಲು ಕಣ್ಣು ತೋರಿಸ್ಕೊಳ್ಳಿ,” ಎಂದಷ್ಟೇ ಹೇಳಿ ಮುಂದೆ ನಡೆದರು.

“ಮುಂದಿನ ವಾರ ಬೇರೆ ಯಾರನ್ನಾದ್ರೂ ಕರ್ಕೊಂಡು ಬರ್ತೀಯೇನೋ,” ಎಂದರು ಅತ್ತಿಗೆ ಮೆಲ್ಲಗೆ.

“ಬಿಟ್ಟೇನಾ? ನೋಡಿದ್ದನ್ನೆಲ್ಲ ಮತ್ತೆ ಮೊದಲಿಂದ ನೋಡ್ಬೇಕು. ಓಡಿಹೋಗಿರೋ ಹುಳಗಳನ್ನೆಲ್ಲ ಕರೆದು ಲೈನಲ್ಲಿ ನಿಲ್ಲಿಸೋ ಕೆಲಸ ನಿಮ್ದೇ.”

ಅತ್ತಿಗೆ ಬೀದಿಗೆಲ್ಲ ಕೇಳುವಂತೆ ನಕ್ಕರು. ನಕ್ಕು, ಕಣ್ಣೊರೆಸಿಕೊಂಡು ಕೈ ಚಾಚಿದರು.

“ಕೈ ಕೊಡೇ. ಚರಂಡಿ ಎಲ್ಲಿದೆ ಅಂತ ಕಾಣ್ತಿಲ್ಲ.”